ಸುಳ್ಳು ಹಾಜರಿ

ಅಪ್ಪ ತೀರಿಕೊಂಡ ದಿನದ ನೆನಪಿಗೆಂದು ನಾವು ಅಮ್ಮನ ಮನೆಯಲ್ಲಿ ಸೇರಿದ್ದೆವು. ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ, ಕರೆಂಟು ಹೋಗಿತ್ತು. ನಡುಮನೆಯ ಮೇಜಿನ ಮೇಲೆ ಮೇಣದ ಬತ್ತಿ ಹಚ್ಚಿ, ಅದರ ಸುತ್ತ ನಾನು, ನನ್ನ ಕಿರಿಮಗಳು, ತಂಗಿ, ಅವಳ ಇಬ್ಬರು ಮಕ್ಕಳು, ತಮ್ಮ ಕೂತಿದ್ದೆವು. ಏಳು ಗಂಟೆಗೆ ಪ್ರಾರ್ಥನೆ. ಅದಕ್ಕೆ ಮೊದಲು ಹಾಜರಿ. ಅಪ್ಪ ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಠಾಣೆಯ ಪದ್ಧತಿಯನ್ನು ಮನೆಗೂ ತಂದಿದ್ದರು. ಅವರ ನಂತರ ಅಮ್ಮ ಕೂಗುತ್ತಾಳೆ.

ಒಬ್ಬೊಬ್ಬರನ್ನೇ ಕೂಗಿದಳು. "ಇದ್ದೀನಿ" ಎಂದೆವು. ನನ್ನ ಹಿರಿಮಗಳು ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ಮಳೆಗೆ ಬಸ್ಸು ಹೊರಡದೆ ತನ್ನ ಕೋಣೆಯಲ್ಲೇ ಉಳಿದಿದ್ದಳು. ಅಮ್ಮ "ದೊಡ್ಡ ಪುಟ್ಟಿ" ಎಂದು ಅವಳನ್ನು ಕೂಗಿದಾಗ ಕಿರಿಯವಳು ಅಕ್ಕನ ದನಿ ತೆಗೆದು "ಇದ್ದೀನಿ ಅಜ್ಜೀ" ಎಂದಳು. ಮಕ್ಕಳು ನಕ್ಕರು. ಅಮ್ಮ ನಗಲಿಲ್ಲ. ನನ್ನ ಮುಖ ನೋಡಿದಳು. ತಮ್ಮನೂ ನೋಡಿದ.

"ಪ್ರಾರ್ಥನೆ ಆಮೇಲೆ. ಮೊದಲು ಇದನ್ನ ಕೇಳಿ," ಎಂದಳು ಅಮ್ಮ.

"ನಿಮ್ಮ ತಾತ ಹೇಗಿದ್ರು ಅಂತ ನಿಮಗೇನು ಗೊತ್ತು? ಫೋಟೋದಲ್ಲಿ ಮೀಸೆ ನೋಡಿದ್ದೀರಿ, ಅಷ್ಟೇ. ಠಾಣೇಲಿ ಅವರನ್ನ ಕಂಡ್ರೆ ಎಲ್ಲರೂ ಗಡಗಡ ನಡುಗೋರು, ಮನೆಗೆ ಬಂದ್ರೆ ಮಗಳ ಜಡೆ ಹೆಣೆಯೋರು... ಅದೂ ಹಗ್ಗ ಹೊಸೆದ ಹಾಗೆ, ಪಾಪ ಅವಳಿಗೆ ಕಣ್ಣು ಮುಚ್ಚೋಕಾಗ್ತಿರಲಿಲ್ಲ. ಏಳು ಗಂಟೆ ಆಯ್ತೋ, ಗೇಟಿನಿಂದ ಶುರುಮಾಡಿ ಒಂದೊಂದೇ ಕಿಟಕಿ ಚಿಲಕ ಅಲ್ಲಾಡಿಸಿ ನೋಡ್ಕೊಂಡು ಬಂದು, ಈ ಕುರ್ಚಿ ಹತ್ರ ನಿಂತು ಹಾಜರಿ. ನಾನು ಅಡುಗೆಮನೆಯಿಂದ್ಲೇ 'ನಿಮ್ಮನ್ನ ಕಟ್ಕೊಂಡ ಮೇಲೆ ಇನ್ನೆಲ್ಲಿ ಹೋಗ್ಲಿ, ಇಲ್ಲೇ ಬಿದ್ದಿದ್ದೀನಿ' ಅಂದ್ರೆ, 'ನಾನು ಕೇಳಿದ್ದು ಹಾಜರಿ, ಹೇಳಿಕೆ ಅಲ್ಲ' ಅನ್ನೋರು. ಎಲ್ಲರೂ ಓಗೊಟ್ಟ ಮೇಲೇ ದೇವರ ಹತ್ರ ಮಾತು. 'ಕುರಿ ಎಣಿಸದೆ ದೊಡ್ಡಿ ಬಾಗಿಲು ಹಾಕೋನು ಎಂಥ ಕುರುಬ?' ಅನ್ನೋರು. ಅವರಿಗೆ ಆಗದೇ ಇದ್ದದ್ದು ಒಂದೇ... ಸುಳ್ಳು ಹಾಜರಿ. ಮನೇಲಿ ಮಲಗಿರೋ ಗೆಳೆಯನ ಪರವಾಗಿ ಯಾವನಾದ್ರೂ ಪೇದೆ 'ಇದ್ದೀನಿ ಸಾರ್' ಅಂದ್ರೆ ಬೈತಿರಲಿಲ್ಲ. ಸೈಕಲ್ ಹತ್ತಿ ಆ ಗೆಳೆಯನ ಮನೆಗೇ ಹೋಗಿ ಚಿಲಕ ಅಲ್ಲಾಡಿಸೋರು.

"ಆಮೇಲೆ ನಮ್ಮ ಚಿಕ್ಕೋನು..."

ಅಮ್ಮ ತಮ್ಮನ ಕಡೆ ನೋಡಿದಳು. ಅವನು ಮೇಜಿಗೆ ಬಿದ್ದ ಮೇಣವನ್ನು ಉಗುರಿನಿಂದ ಕೆರೆಯುತ್ತಿದ್ದ. "ಹೇಳಮ್ಮ," ಎಂದ.

"ಗಾಡಿ ಓಡಿಸ್ತಾ ಒಬ್ಬರಿಗೆ ಗುದ್ದಿ, ನಿಲ್ಲಿಸದೆ ಬಂದುಬಿಟ್ಟಿದ್ದ. ಆ ಮನುಷ್ಯನ ಕಾಲು ಹೋಯ್ತು. ಇವರು ನಿವೃತ್ತಿಯಾಗಿ ಇನ್ನೂ ತಿಂಗಳಾಗಿರಲಿಲ್ಲ. ಮಗನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಪ್ರಾರ್ಥನೆ ಮಾಡಿ, ಕೈ ಹಿಡ್ಕೊಂಡು ಹೋಗಿ ತಮ್ಮ ಠಾಣೆಗೇ ಒಪ್ಪಿಸಿದ್ರು. ಆರು ತಿಂಗಳು ಒಳಗಿದ್ದ. ಬಿಡುಗಡೆ ದಿನ ಇವರು ಬೆಳಗಿನಿಂದ ಜೈಲಿನ ಬಾಗಿಲಲ್ಲಿ ಕಾಯ್ತಿದ್ರೆ, ಇವನು ಮುಖ ತಿರುಗಿಸ್ಕೊಂಡು ಪಕ್ಕದಲ್ಲೇ ಹಾದುಹೋದ. ಹೋದೋನು ಹೋದ. ಹನ್ನೊಂದು ವರ್ಷ! ಅಷ್ಟೂ ವರ್ಷ ನಿಮ್ಮ ತಾತ 'ಚಿಕ್ಕೋನೇ' ಅಂತ ಕೂಗಿ, ಒಂದು ಪ್ರಾರ್ಥನೆಯಷ್ಟು ಹೊತ್ತು ಸುಮ್ನೆ ನಿಲ್ಲೋರು... ಆಮೇಲೆ 'ಬರ್ತಾನೆ' ಅನ್ನೋರು. ಗೈರುಹಾಜರು ಅಂತ ಒಂದು ದಿನ ಅಂದವರಲ್ಲ. ಒಂದು ಸಂಜೆ ಹಾಗೇ ಕೂಗಿ, ಕಾಯ್ತಾ ಕಾಯ್ತಾ ಕುರ್ಚಿಗೆ ಕುಸಿದ್ರು. 'ಬರ್ತಾನೆ' ಅನ್ನೋ ಮಾತು ಬಾಯಲ್ಲೇ ಉಳೀತು.

"ಮಣ್ಣು ಮಾಡಿ ಬಂದ ಮಾರನೇ ಸಂಜೆ, ಏಳು ಗಂಟೆ. ಗೇಟಿನ ಚಿಲಕ ಕಟಕ್ ಅಂತು. ಗಾಳಿ ಅಂದ್ಕೊಂಡೆವು. ಆಮೇಲೆ ಮುಂದಿನ ಕಿಟಕಿ... ಮಗ್ಗುಲಿನ ಕಿಟಕಿ... ಹಿಂಬಾಗಿಲು. ಗಾಳಿ ಎಲ್ಲಾದ್ರೂ ಹೀಗೆ ಸಾಲಾಗಿ ಬರುತ್ತಾ? ಬೂಟಿನ ಸದ್ದು ಕುರ್ಚಿ ಹತ್ರ ಬಂದು ನಿಲ್ಲುತ್ತೆ, ಗೇಟಿಗೆ ಹೋಗುತ್ತೆ, ಮತ್ತೆ ಬರುತ್ತೆ, ಮರಿ ಕಳ್ಕೊಂಡ ಬೆಕ್ಕಿನ ಹಾಗೆ. ದಿನಾ ಇದೇ. ಪಾದ್ರಿಗಳು ಬಂದ್ರು. ಅವರು ಪ್ರಾರ್ಥನೆ ಮಾಡೋವಷ್ಟೂ ಹೊತ್ತು ಬೂಟು ಅಲ್ಲಾಡಲಿಲ್ಲ... ಭಕ್ತರಲ್ವಾ! ಆಮೆನ್ ಅಂದ ಕೂಡ್ಲೇ ಮತ್ತೆ ಶುರು. 'ಅಮ್ಮಾ, ನನಗಿಂತ ಚೆನ್ನಾಗಿ ಪ್ರಾರ್ಥನೆ ಮಾಡ್ತಿದ್ದೋರನ್ನ ನಾನೇನು ಓಡಿಸ್ಲಿ' ಅಂತ ಅವರು ಛತ್ರಿ ತಗೊಂಡು ಹೊರಟರು.

"ಆಗ ನನಗೆ ಹೊಳೀತು. ಹಾಜರಿ ಅರ್ಧಕ್ಕೆ ನಿಂತಿದೆ, ಇವರು ಹೇಗೆ ಮಲಗ್ತಾರೆ? ಮಾರನೇ ಸಂಜೆ ನಾನೇ ಕೂಗಿದೆ. ಎಲ್ಲರೂ ಓಗೊಟ್ರು. 'ಚಿಕ್ಕೋನೇ' ಅಂದೆ. ಬೂಟು ಬಾಗಿಲಲ್ಲೇ ನಿಂತಿತು. ಉಸಿರು ಕೇಳಿಸ್ತು ಕಣ್ರೋ, ಕಾಯ್ತಿರೋರ ಉಸಿರು. ಆಗ ಇಲ್ಲಿ ಕೂತಿದ್ದಾನಲ್ಲ ನನ್ನ ಹಿರಿಮಗ, ಅಪ್ಪನ ಸಂಕಟ ತಡೀಲಾರದೆ, ತಮ್ಮನ ದನಿ ತೆಗೆದು 'ಇದ್ದೀನಪ್ಪಾ' ಅಂದ."

ನಾನು ತಲೆಯೆತ್ತಲಿಲ್ಲ. ಆ ಒಂದು ಮಾತಿಗೆ ದೇವರಲ್ಲಿ ಎಷ್ಟು ಸಲ ಕ್ಷಮೆ ಬೇಡಿದ್ದೇನೋ ನನಗೇ ತಿಳಿಯದು.

"ಸದ್ದು ನಿಂತೇಹೋಯ್ತು. ಅವರಿಗೆ ಶಾಂತಿ ಸಿಕ್ತು ಅಂದ್ಕೊಂಡೆವು. ಎಂಥ ದಡ್ಡರು ನಾವು! ಸುಳ್ಳು ಹಾಜರಿ ಅಂದ್ರೆ ಅವರು ಸುಮ್ನಿರೋರಾ? ಹತ್ತನೇ ದಿನ ಬಾಗಿಲಲ್ಲಿ ಇವನು, ಚಿಕ್ಕೋನು. ಗಡ್ಡ ಬಿಟ್ಟಿದ್ದ, ಕಣ್ಣು ಕೆಂಡದ ಹಾಗೆ. ಎಲ್ಲೋ ದೂರದ ಊರಲ್ಲಿ ಇದ್ದನಂತೆ. ಅಪ್ಪ ಹೋದದ್ದೂ ಗೊತ್ತಿಲ್ಲ. 'ಅಮ್ಮಾ, ಒಂಬತ್ತು ದಿನದಿಂದ ಏಳು ಗಂಟೆಗೆ ಸರಿಯಾಗಿ ಯಾರೋ ನನ್ನ ಕಿಟಕಿ ಚಿಲಕ ಅಲ್ಲಾಡಿಸ್ತಾರೆ. ಮೂರನೇ ಮಹಡಿ ಅಮ್ಮಾ, ಹೊರಗೆ ಕಾಲಿಡೋಕೆ ಜಾಗ ಇಲ್ಲ. ಅಲ್ಲಾಡಿಸಿ, ಕಾಯ್ತಾರೆ. ಚಿಲಕ ಹಾಗೆ ಅಲ್ಲಾಡಿಸೋರು ಅಪ್ಪ ಒಬ್ಬರೇ. ನಿನ್ನೆ ತಡೀಲಾರದೆ ಇದ್ದೀನಪ್ಪಾ ಅಂದೆ. ಮನೆಗೆ ಬಾ ಅಂದ್ರು. ಅಪ್ಪ ಎಲ್ಲಿ?' ಅಂದ.

"ಒಳಗೆ ಕರ್ಕೊಂಡು ಬಂದು ಖಾಲಿ ಕುರ್ಚಿ ತೋರಿಸ್ದೆ. ಆ ಸಂಜೆ ಹಾಜರಿ ಕೂಗಿದೆ. ಇವನು ಇದೇ ಜಾಗದಲ್ಲಿ ಕೂತು, ಅಳ್ತಾ ಓಗೊಟ್ಟ. ಆವತ್ತಿಂದ ಈ ಮನೇಲಿ ಬೂಟಿನ ಸದ್ದಿಲ್ಲ. ಕರ್ತರು ಅವರಿಗೆ ರಜೆ ಮಂಜೂರು ಮಾಡಿದ್ರು ಅಂತ ನಂಬಿದ್ದೀನಿ. ಆದ್ರೆ..."

ಹೊರಗೆ, ಮಳೆಯ ನಡುವೆ, ಗೇಟಿನ ಚಿಲಕ ಕಟಕ್ಕೆಂದಿತು. ಕಿವಿಗೊಟ್ಟು ಕೂತೆವು. ಯಾವ ಕಿಟಕಿಯೂ ಅಲ್ಲಾಡಲಿಲ್ಲ. ಗೇಟು ತೆರೆದು ಮುಚ್ಚಿದ ಸದ್ದು ಅಷ್ಟೇ; ಯಾರೋ ಒಳಗೆ ಬಂದದ್ದಲ್ಲ, ಹೊರಗೆ ಹೊರಟದ್ದು.

ಕಿರಿಮಗಳು ನನ್ನ ತೋಳು ಹಿಡಿದಳು. "ಅಜ್ಜೀ, ನಾನು ತಮಾಷೆಗೆ..."

"ಗೊತ್ತು ಕಣೇ. ಹಾಜರೀಲಿ ತಮಾಷೆ ಅನ್ನೋದು ಅವರಿಗೆ ಗೊತ್ತಿಲ್ಲ." ಅಮ್ಮ ಫೋನನ್ನು ಅವಳ ಕಡೆ ತಳ್ಳಿದಳು. "ಅಕ್ಕನಿಗೆ ಹೇಳು. ಕಿಟಕಿ ಚಿಲಕ ಅಲ್ಲಾಡಿದ್ರೆ ಹೆದರ್ಕೋಬೇಡ, 'ಇದ್ದೀನಿ ತಾತ' ಅನ್ನು, ಅಂತ... ಬೇಗ ಹೇಳಮ್ಮ. ಈ ಮಳೇಲಿ ಅವರನ್ನ ಜಾಸ್ತಿ ಹೊತ್ತು ಹೊರಗೆ ನಿಲ್ಲಿಸಬಾರದು."