ಉಗುಳಿನ ಪರೀಕ್ಷೆ

ಅಂಚೆ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಬಿಳಿಯ ಅಕ್ಕತಂಗಿಯರಿಬ್ಬರು ನಿಂತಿದ್ದರು. ಅಕ್ಕ ಮನಶ್ಶಾಸ್ತ್ರ ಕಲಿಸುವವಳೆಂದು ಮಾತಿನಲ್ಲೇ ತಿಳಿಯಿತು. ತಂಗಿ ತನ್ನ ಮಗನ ವಿಷಯ ಹೇಳುತ್ತಿದ್ದಳು.

"ಬಿಳಿಯರೇ ಮೇಲು ಅನ್ನೋ ಗುಂಪಿಗೆ ಸೇರ್ಕೊಂಡಿದಾನಕ್ಕಾ. ರಕ್ತ ಶುದ್ಧ ಅಂತ ತೋರಿಸೋಕೆ, ವಂಶ ಯಾವುದು ಅಂತ ಹೇಳೋ ಡಿಎನ್‌ಎ ಪರೀಕ್ಷೆಗೆ ಉಗುಳು ಕಳಿಸಿದಾನೆ."

"ಕೆಲಸ ಹೋಯ್ತಲ್ಲ, ತಾನು ಯಾರೂ ಅಲ್ಲ ಅನ್ನೋ ಭಯ ಅವನಿಗೆ. ಅಂಥವರಿಗೆ ತಮಗಿಂತ ಕೀಳು ಅನ್ನೋಕೆ ಯಾರಾದ್ರೂ ಬೇಕು."

"ನಿನ್ನ ಪಾಠ ಕ್ಲಾಸಲ್ಲಿ ಇಟ್ಕೋ. ನಮ್ಮಜ್ಜಿ ಕಪ್ಪು ಜನದವಳು ಅಂತ ನಾನು ಅವನಿಗೆ ಹೇಳೇ ಇಲ್ಲ."

"ಇಷ್ಟು ವರ್ಷ ಆದ್ರೂ?"

"ನಿನ್ನ ಮಕ್ಕಳಿಗೆ ನೀನು ಹೇಳಿದೀಯಾ?"

ಅಕ್ಕ ಕಿಟಕಿಯತ್ತ ಒಂದು ಹೆಜ್ಜೆ ಸರಿದಳು.

"ವರದಿ ನನ್ನ ಕೈಗೆ ಸಿಕ್ಕಿದ್ರೆ ಸಾಕು, ಸುಟ್ಟುಹಾಕ್ತೀನಿ" ಎಂದು ತಂಗಿ ಮಗನ ಹೆಸರು ಬರೆದ ಚೀಟಿಯನ್ನು ಕಿಟಕಿಗೆ ಕೊಟ್ಟಳು.

ಗುಮಾಸ್ತ ಹುಡುಕಿ ನೋಡಿದ. "ಬೆಳಿಗ್ಗೇನೇ ನಿಮ್ಮ ಮಗ ತಗೊಂಡ್ರಲ್ಲಮ್ಮಾ. ಇಲ್ಲೇ ಒಡೆದು ಓದಿದ್ರು."

"ಆಮೇಲೆ?"

"ಆ ಬೆಂಚಿನ ಮೇಲೆ ಕೂತು ಅದನ್ನೇ ಮತ್ತೆ ಮತ್ತೆ ಓದಿದ್ರು."

ಅಷ್ಟರಲ್ಲಿ ತಂಗಿಯ ಫೋನು ಬಡಿದುಕೊಂಡಿತು.

"ಅವನೇ."

"ಎತ್ತಬೇಡ ಕಣೇ. ಇವತ್ತು ನಮ್ಮನೇಲಿದ್ದುಬಿಡು."

"ಅಲ್ಲಿಗೂ ಬರ್ತಾನಕ್ಕಾ. ನೀನೂ ಅದೇ ಅಜ್ಜಿ ಮೊಮ್ಮಗಳಲ್ವಾ?"

ಅಕ್ಕ ತಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಬ್ಬರೂ ಬಾಗಿಲಲ್ಲಿ ನಿಂತು ಬೀದಿಯ ಎರಡೂ ಕಡೆ ನೋಡಿ, ಆಮೇಲೆ ಇಳಿದು ಹೋದರು.