ಚರ್ಚಿನ ಉತ್ತರ

ಅಮೆರಿಕದ ಮೆಂಫಿಸ್‌ನ ಆಸ್ಪತ್ರೆಯಲ್ಲಿ ನನ್ನ ಪಕ್ಕ ನನ್ನಂಥವರೇ ಇಬ್ಬರು ಕಪ್ಪು ಹೆಂಗಸರು ಕೂತಿದ್ದರು. ಅವರಲ್ಲಿ ವರ್ನೀಟಾ ಎಂಬವಳು ಆಗಷ್ಟೇ ಡಾಕ್ಟರನ್ನು ನೋಡಿ ಬಂದಿದ್ದಳು.

"ಮನಸ್ಸು ಹೇಗಿದೆ ಅಂತ ಕೇಳಿದ್ರು, ಓಡೆಸಕ್ಕಾ."

"ಏನಂದೆ?"

"ದೇವರ ದಯೆ, ಚೆನ್ನಾಗಿದ್ದೀನಿ ಅಂದೆ."

"ಅಯ್ಯೋ ಮಾರಾಯ್ತಿ! ಅದು ಚರ್ಚಲ್ಲಿ ಕೈಕುಲುಕುವಾಗ ಹೇಳೋದು. ನಿನ್ನ ತಮ್ಮನನ್ನ ಮಣ್ಣು ಮಾಡಿದಾಗಿಂದ ನಿದ್ದೆ ಇಲ್ಲ ಅಂತ ಹೇಳೋಕೇನಾಗಿತ್ತು?"

"ಬಾಯಿಗೆ ಅದೇ ಬಂತು. ಬಿಳಿಯರು ಅತ್ರೆ ಪಾಪ ಅಂತಾರೆ. ನಾವು ಅತ್ರೆ ಗಲಾಟೆ ಅಂತ ಸೆಕ್ಯೂರಿಟಿಯವರನ್ನ ಕರೀತಾರೆ."

"ಕರೀಲಿ ಬಿಡು. ದಿನಾ ಕೆಲಸ ಮುಗಿಸಿ ಕಾರಲ್ಲಿ ಕೂತು ಅಳೋದು ನನಗೂ ಸಾಕಾಗಿದೆ. ಇವತ್ತು ಎಲ್ಲಾ ಹೇಳೇಬಿಡ್ತೀನಿ."

ಬಿಳಿ ನರ್ಸ್ ಬಾಗಿಲಿಗೆ ಬಂದು ಓಡೆಸಾಳನ್ನು ಕರೆದಳು.

"ಹೇಗಿದ್ದೀರಮ್ಮಾ?"

ಓಡೆಸಾ ಮಂಡಿ ಹಿಡಿದುಕೊಂಡು ಮೆಲ್ಲಗೆ ಎದ್ದಳು.

"ದೇವರ ದಯೆ, ಚೆನ್ನಾಗಿದ್ದೀನಿ ಮಗಳೇ," ಎನ್ನುತ್ತ ಒಳಗೆ ಹೋದಳು.