ಕೌದಿಗೆ ಉಡಿ

ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಬಸ್ಸಿನಲ್ಲಿ ಸುನಂದಾ ಮೆಲ್ಲಗೆ ಮಾತಾಡುತ್ತಿದ್ದೇನೆಂದೇ ತಿಳಿದಿದ್ದಳು. ಹಿಂದಿನ ಮೂರು ಸೀಟಿಗೂ ಕೇಳುತ್ತಿತ್ತು. ಕಮಲಾಪುರದ ಹೆಂಗಸರು ಹೊಲಿದ ಕೌದಿಗಳನ್ನು ಜರ್ಮನಿಗೆ ಕಳಿಸುವವಳು ಅವಳು. ಪಕ್ಕದಲ್ಲಿ, ಹೊಲಿಯುವವರಲ್ಲೇ ಹಿರಿಯಳಾದ ಅಂಬಮ್ಮ.

“ಕಾಕಿ, ಕೌದಿ ಒಳಗ ಜೋಳ ಯಾಕ ಇಟ್ಟು ಹೊಲಿದ್ರಿ?”

“ಉಡಿ ತುಂಬದೆ ಹ್ಯಾಂಗ ಕಳಸೋದು?”

“ಕಾಳು ಇದ್ರ ಅಲ್ಲಿ ಒಳಗ ಬಿಡಂಗಿಲ್ರಿ. ಪೂರಾ ಪೆಟ್ಟಿಗಿ ವಾಪಸ್ ಬಂದದ.”

“ಅದೆಂಥಾ ದೇಶ ತಂಗಿ, ಹಿಡಿ ಜೋಳಕ್ಕ ಹೆದರ್ತದ.”

ಸುನಂದಾ ನಗು ತಡೆದುಕೊಂಡಳು. “ಸೋಮವಾರ ಮತ್ತ ಕಳಸಲಿಲ್ಲಂದ್ರ ಅವರು ಬ್ಯಾರೆ ಕಡಿ ಖರೀದಿ ಮಾಡ್ತಾರ.”

“ಮಾಡ್ಲಿ. ಮನಿ ಮಗಳನ್ನ ಬರೀ ಉಡಿಲೆ ಕಳಸ್ತೀಯೇನು?”

“ನಾನೂ ಕಳಸಂಗಿಲ್ಲ. ಉಡ್ಯಾಗ ಕುಬಸದ ಖಣಾನೂ ಹಾಕ್ತೀವಲ್ರಿ? ಜೋಳ ತಗದು ಖಣದ ತುಂಡು ಇಟ್ಟು ಹೊಲೀರಿ. ಬಟ್ಟಿಗೆ ಯಾರೂ ಅಡ್ಡ ಬರಂಗಿಲ್ಲ.”

ಅಂಬಮ್ಮ ಅವಳ ಕಡೆ ತಿರುಗಿದಳು.

“ಹಸರು ಖಣ ಬೇಕು.”

“ತಂದೀನ್ರಿ.” ಸುನಂದಾ ತೊಡೆಯ ಮೇಲಿನ ಚೀಲ ತಟ್ಟಿದಳು.

“ಅಂದ್ರ ನಾ ಒಪ್ಪತೀನಿ ಅಂತ ಮೊದ್ಲೇ ಗೊತ್ತಿತ್ತು ನಿನಗ.”

“ಇಲ್ರಿ. ಕಲಬುರಗಿ ಜಗತ್ ಸರ್ಕಲ್‌ನ ಅಂಗಡ್ಯಾಗ ಈ ಬಣ್ಣ ಕಂಡ ಮ್ಯಾಲ ಗೊತ್ತಾತು.”

ಕಮಲಾಪುರ ಬಂತು. ಅಂಬಮ್ಮ ಅವಳ ತೊಡೆಯಿಂದ ಚೀಲ ಎತ್ತಿಕೊಂಡು, ತಾನೇ ಮೊದಲು ಇಳಿದಳು.